ಸೀಸದ ಕಡಾಯಿ – ಕಂತು ಏಳು: ಒದ್ದೆ ಮೊಳೆಗಳು

"ಈ ದಾರ ಸುತ್ತಿದ್ದು ನೀವೇ ಅಲ್ವಾ ಮಾವ?"

ಇನ್ಸ್‌ಪೆಕ್ಟರಮ್ಮ ಇದನ್ನು ಕೇಳಿದ್ದು ಮೆಲ್ಲಗೆ, ಠಾಣೆಯಲ್ಲಿ ಕೇಳುವ ದನಿಯಲ್ಲಲ್ಲ. ಮೊಳೆ ಮಾವ ಅವಳು ಮುಂದಿಟ್ಟದ್ದನ್ನು ಕೈಗೆತ್ತಿಕೊಂಡರು.

ಅಂಗೈಯಗಲದ ಲೋಹದ ತುಂಡು ಅದು. ಒಂದು ಮಗ್ಗುಲು ಕರಗಿ, ಉರಿದು ಮುಗಿದ ಮೇಣದಬತ್ತಿಯ ಬುಡದ ಹಾಗಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಅಕ್ಷರದ ಅಚ್ಚಿನ ಮೊಳೆಗಳು ಹಲ್ಲು ಕಚ್ಚಿಕೊಂಡಂತೆ ಸಾಲಾಗಿ ನಿಂತೇ ಇದ್ದವು. ಸುತ್ತ ಬಿಗಿದಿದ್ದ ದಾರ ಅರ್ಧ ಸುಟ್ಟು ಕರಿಯಾಗಿತ್ತು. ಉಳಿದ ಅರ್ಧದಲ್ಲಿ, ಅದರ ತುದಿಯನ್ನು ಗಂಟು ಹಾಕದೆ ಮೂಲೆಯೊಳಕ್ಕೆ ಸಿಕ್ಕಿಸಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಎರಕದ ಶೆಡ್ಡಿನ ತಗಡಿನ ಮಾಡಿಗೆ, ಸಿಡಿದ ಸೀಸದ ಸಮೇತ ಅಂಟಿಕೊಂಡಿದ್ದ ಇದನ್ನು ನಿನ್ನೆ ದಫೇದಾರರು ಏಣಿ ಹತ್ತಿ, ಉಳಿಯಿಂದ ಎಬ್ಬಿಸಿ ತಂದಿದ್ದರು.

ಎರಕದಣ್ಣ ಆ ಶೆಡ್ಡಿನಲ್ಲಿ ಸೀಸದ ಕಡಾಯಿ ಸಿಡಿದು ಸತ್ತು ತಿಂಗಳಾಗುತ್ತ ಬಂದಿತ್ತು. ಅಪಘಾತವೆಂದು ಕಟ್ಟಿಟ್ಟ ಕಡತವನ್ನು ಹಟ ಹಿಡಿದು ಬಿಚ್ಚಿಸಿದವಳು ಅವನ ಹೆಂಡತಿ.

ಮೊಳೆ ಮಾವ ಕನ್ನಡಕವನ್ನು ಹಣೆಗೇರಿಸಿದರು. ನೋಡುವುದಕ್ಕಿಂತ ಮುಟ್ಟಿ ತಿಳಿಯುವುದೇ ಅವರ ರೂಢಿ. ಬದುಕೆಲ್ಲ ಈ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಜೋಡಿಸಿ, ಇಡೀ ಬೀದಿಗೆ ಅವರು ಮೊಳೆ ಮಾವ ಆಗಿಬಿಟ್ಟಿದ್ದರು. ಇನ್ಸ್‌ಪೆಕ್ಟರಮ್ಮನ ಅಪ್ಪ ಪಕ್ಕದ ಮಳಿಗೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಕಾಲದಿಂದ ಅವಳಿಗೂ ಅವರು ಮಾವನೇ. ಅವಳು ನೇರ ಅಕ್ಷರ ಓದುವ ಮೊದಲೇ ತಿರುಗುಮುರುಗು ಅಕ್ಷರ ಓದಲು ಕಲಿತದ್ದು ಇದೇ ಕೋಣೆಯಲ್ಲಿ, ಈ ಮನುಷ್ಯನ ಮೊಣಕಾಲ ಪಕ್ಕ ಕೂತು.

ಈಗ ಕೋಣೆ ಬಣಬಣ ಎನ್ನುತ್ತಿತ್ತು. ಮೊಳೆ ತುಂಬಿದ್ದ ಮರದ ತಟ್ಟೆಗಳೆಲ್ಲ ಬರಿದು. ಮೊಳೆಗಳನ್ನೆಲ್ಲ ಮೂಟೆ ಕಟ್ಟಿ ಎರಕದಣ್ಣನಿಗೆ ಮಾರಿಯಾಗಿತ್ತು.

ಅವರ ಹೆಬ್ಬೆರಳು ಮೊಳೆಗಳ ಮೇಲೆ ಒಂದು ಸಲ ಹೋಯಿತು. ಮತ್ತೊಂದು ಸಲ ಹೋಯಿತು. ಆಮೇಲೆ ನಿಂತೇಬಿಟ್ಟಿತು.

ಬಾಗಿಲಲ್ಲಿ ಅವರ ಮಗಳು ಟೀ ಲೋಟ ಹಿಡಿದು ನಿಂತಿದ್ದಳು. ಇನ್ಸ್‌ಪೆಕ್ಟರಮ್ಮನ ಓರಗೆಯವಳು. ಒಂದೇ ಬೆಂಚು, ಒಂದೇ ಛತ್ರಿ ಎಂಬಂತೆ ಬೆಳೆದವರು. ಒಳಗೂ ಬರದೆ ಹೊರಗೂ ಹೋಗದೆ ಅವಳು ಅಪ್ಪನ ಬೆರಳನ್ನೇ ನೋಡುತ್ತಿದ್ದಳು.

"ಹೌದು," ಎಂದರು ಮಾವ. "ನಂದೇ. ಸೈಕಲ್ ಅಂಗಡಿಯವರ ಬಿಲ್ಲಿನ ತಲೆಬರಹ. ಆ ಅಂಗಡಿ ಮುಚ್ಚಿ ಎಷ್ಟೋ ಕಾಲ ಆಯ್ತು."

"ಮಿಕ್ಕಿದ್ದೆಲ್ಲ ಬಿಡಿಬಿಡಿಯಾಗಿ ಮೂಟೆಗೆ ಸುರಿದಿದ್ದೀರಿ. ಇದೊಂದು ಯಾಕೆ ಕಟ್ಟಿದ ಹಾಗೇ ಹೋಯ್ತು?"

ಅದಕ್ಕೆ ಅವರು ಹೇಳಿದ್ದಿಷ್ಟು. ಜೋಡಿಸಿದ್ದನ್ನು ಬಿಚ್ಚುವುದು ತನಗೆ ದಿನದ ಕೆಲಸವೇ ಆಗಿತ್ತು. ಆದರೆ ಕೊನೆಯದಾಗಿ ಉಳಿದ ಒಂದು ಕಟ್ಟನ್ನು ಬಿಚ್ಚಲು ಕೈ ಬರಲಿಲ್ಲ. ಹೇಗೂ ಕರಗುವುದು, ಒಟ್ಟಿಗೇ ಕರಗಲಿ ಅಂದುಕೊಂಡರು. ದಾರಿಯಲ್ಲಿ ಸಾಲು ಕುಸಿದು ಚೆಲ್ಲದಿರಲೆಂದು, ಯಾವತ್ತೂ ಮಾಡುವ ಹಾಗೆ ಸ್ಪಂಜಿನಿಂದ ನೀರು ಹಿಂಡಿ ಒದ್ದೆ ಮಾಡಿದರು. ನೀರು ಕುಡಿದ ಮೊಳೆಗಳು ಒಂದಕ್ಕೊಂದು ಕಚ್ಚಿ ನಿಲ್ಲುತ್ತವೆ. ಅದನ್ನು ಕಾಗದದಲ್ಲಿ ಸುತ್ತಿ ಕಳಿಸಿದರು.

ಇನ್ಸ್‌ಪೆಕ್ಟರಮ್ಮ ಮುಂದಿನ ಮಾತನ್ನು ನುಂಗಿಕೊಳ್ಳಬಹುದಿತ್ತು. ಆದರೆ ಅವಳ ಕಸುಬು ನುಂಗಲು ಬಿಡುವಂಥದ್ದಲ್ಲ. ಕಾದ ಸೀಸದ ಅಡಿಗೆ ಸಿಕ್ಕಿದ ನೀರು ಒಂದೇ ಕ್ಷಣಕ್ಕೆ ಆವಿಯಾಗಿ, ಮೇಲಿರುವ ಸೀಸವನ್ನೆಲ್ಲ ಎತ್ತಿ ಎರಚುತ್ತದೆ ಎಂದು ಅವಳು ವಿವರಿಸಿದಳು. ಮೊಳೆಗಳ ಸಂದಿನಲ್ಲಿ ಅಡಗಿದ ನೀರು ಹೊರಗಿನಿಂದ ಕಾಣುವುದೂ ಇಲ್ಲ. ಎರಕದಣ್ಣನ ಮುಖ ಸುಟ್ಟದ್ದು ಈ ಕಟ್ಟಿನಿಂದ, ಈ ಕಟ್ಟಿನೊಳಗಿದ್ದ ನೀರಿನಿಂದ.

ಮೊಳೆ ಮಾವ ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಅದು ಇನ್ನಾರದೋ ಕೈ ಎನ್ನುವಂತೆ ನೋಡುತ್ತ ಕೂತರು.

"ಹೇಳಿ ಕಳಿಸಿದ್ದೆ," ಎಂದರು ಕೊನೆಗೆ. "ತಗೊಂಡು ಹೋಗೋಕೆ ಎರಕದಣ್ಣನ ತಮ್ಮ ಬಂದಿದ್ದ. ಒದ್ದೆ ಇದೆ, ಒಣಗಿಸದೆ ಹಾಕಬೇಡ ಅಂತ ಅಣ್ಣಂಗೆ ಹೇಳು ಅಂದಿದ್ದೆ."

ಟೀ ಹಾಗೇ ಉಳಿಯಿತು. ಇನ್ಸ್‌ಪೆಕ್ಟರಮ್ಮ ಹೊರಬರುವಾಗ ಮಗಳು ದಾರಿ ಬಿಟ್ಟಳು, ಆದರೆ ಮುಖವೆತ್ತಲಿಲ್ಲ. ಹುಣ್ಣಿನ ಮೇಲೆ ಬರೆ ಎಳೆದು ಹೋಗುತ್ತಿದ್ದೀಯಲ್ಲ ಎಂಬ ಸಿಟ್ಟಿರಬೇಕು ಎಂದುಕೊಂಡಳು ಇವಳು. ಸಿಟ್ಟು ನ್ಯಾಯವಾದದ್ದೇ ಅನಿಸಿತು.

*

ಎರಕದ ಶೆಡ್ಡಿನಲ್ಲಿ ಬೆಂಕಿ ಆರಿ ಎಷ್ಟು ದಿನವಾದರೂ ಸುಟ್ಟ ಮೇಣದ ಕಮಟು ಹೋಗಿರಲಿಲ್ಲ. ದಫೇದಾರರು ಬೀಗ ತೆಗೆದುಕೊಟ್ಟು, ತಮ್ಮ ಮಂಡಿ ನೋವಿಗೂ ನಿನ್ನೆಯ ಏಣಿಗೂ ಇರುವ ಸಂಬಂಧವನ್ನು ಇನ್ನೊಮ್ಮೆ ಹೇಳಿ ಠಾಣೆಗೆ ಹೋದರು.

ತಮ್ಮನನ್ನು ಅವಳು ಅಲ್ಲಿಗೇ ಕರೆಸಿದ್ದಳು. ಮೂವತ್ತರ ಆಸುಪಾಸಿನ ಆಳು, ಅಣ್ಣನದೇ ಅಗಲ ಭುಜ. ಅವನು ಒಳಗೆ ಬಂದವನೇ ಕಡಾಯಿಯತ್ತ ಬೆನ್ನು ಮಾಡಿ ನಿಂತ.

ಮೂಲೆಯಲ್ಲಿ ಗುಜರಿಯ ಸೀಸ ರಾಶಿ ಬಿದ್ದಿತ್ತು. ಹಳೆಯ ನೀರಿನ ಕೊಳವೆಗಳು, ಕೇಬಲ್ಲಿನ ಮೇಲಿಂದ ಸುಲಿದ ಸೀಸದ ಸಿಪ್ಪೆ, ವಾಹನದ ಚಕ್ರಕ್ಕೆ ಸಿಕ್ಕಿಸುವ ತೂಕದ ತುಂಡುಗಳು. ಅದರ ಪಕ್ಕ ಪ್ರೆಸ್ಸಿನಿಂದ ಬಂದ ಮೊಳೆಯ ಮೂಟೆಗಳು, ಬಾಯಿಯ ಹೊಲಿಗೆ ಕೂಡ ಬಿಚ್ಚದೆ. ಗೋಡೆಯ ಹಲಗೆಯ ಮೇಲೆ ಪಂದ್ಯಗಳಲ್ಲಿ ಬಹುಮಾನ ಕೊಡಲು ಎರಕ ಹೊಯ್ದ ಹಕ್ಕಿಗಳು ರೆಕ್ಕೆ ಬಿಚ್ಚಿ ಕೂತಿದ್ದವು.

ಅವಳು ಮೊದಲು ಕೆಲಸದ ಬಗ್ಗೆಯೇ ಕೇಳಿದಳು. ಕೆಲಸದ ಮಾತು ಬಂದರೆ ಎಂಥವನ ನಾಲಗೆಯೂ ಸಡಿಲವಾಗುತ್ತದೆ ಎಂಬುದು ಅವಳ ಅನುಭವ. ಅವನೂ ಹೇಳಿದ. ಮೀನಿನ ಬಲೆಯ ಗುಂಡಿಗೆ ಬರೀ ಗುಜರಿ ಸೀಸ ಸಾಕು. ಹಕ್ಕಿಗೆ ಅದು ಆಗದು, ರೆಕ್ಕೆಯ ಗೆರೆ ಮೂಡುವುದಿಲ್ಲ, ಬೆರಳು ತಾಗಿದರೆ ಕೊಕ್ಕು ಬಾಗುತ್ತದೆ. ಅದಕ್ಕೇ ಅಚ್ಚಿನ ಮೊಳೆ ಬೇಕು. ಮೊಳೆಯಲ್ಲಿ ತವರ ಇರುತ್ತದೆ, ಆಂಟಿಮನಿ ಇರುತ್ತದೆ. ತವರ ಹರಿಯಲು ಕಲಿಸುತ್ತದೆ, ಆಂಟಿಮನಿ ಗಟ್ಟಿ ನಿಲ್ಲಲು ಕಲಿಸುತ್ತದೆ, ಅನ್ನುತ್ತಿದ್ದನಂತೆ ಅಣ್ಣ. ಮೊದಲು ಸೀಸ ಕರಗಿಸಿ, ಮೇಲೆ ಮೊಳೆ ಹಾಕಿ, ಮೇಣದ ಚೂರು ಎಸೆದು ಕಲಕಿ, ತೇಲಿದ ಕಿಟ್ಟ ತೆಗೆದರೆ ಹದ ಬಂದ ಹಾಗೆ.

"ಹದ ಬಂತು ಅಂತ ಗೊತ್ತಾಗೋದು ಹೇಗೆ?"

"ಒಂದು ಚೂರು ಆರಿಸಿ ಕಲ್ಲಿನ ಮೇಲೆ ಬೀಳಿಸಿದ್ರೆ ಸಾಕು. ಬರೀ ಸೀಸ ಆದ್ರೆ ಒದ್ದೆ ಬಟ್ಟೆ ಬಿದ್ದ ಹಾಗೆ ಸದ್ದು. ಬೆರೆತಿದ್ರೆ ಠಣ್ ಅನ್ನುತ್ತೆ."

ಕಡಾಯಿಯ ತಳದಲ್ಲಿ ಹೆಪ್ಪುಗಟ್ಟಿ ಉಳಿದಿದ್ದ ಲೋಹದಿಂದ ಒಂದು ಚೂರನ್ನು ದಫೇದಾರರು ಕತ್ತರಿಸಿಟ್ಟಿದ್ದರು. ಅವಳು ಅದನ್ನು ಎತ್ತಿ ನೆಲದ ಕಲ್ಲಿಗೆ ಬಿಟ್ಟಳು.

ಠಣ್ ಎಂದಿತು.

"ಹದ ಬಂದಿತ್ತು," ಎಂದ ತಮ್ಮ.

ಅವಳು ಆ ಸದ್ದನ್ನು ಕೇಳಿದಳು, ಆದರೆ ಆಲಿಸಲಿಲ್ಲ. ಮನಸ್ಸೆಲ್ಲ ಮುಂದೆ ಕೇಳಬೇಕಾದ ಪ್ರಶ್ನೆಯಲ್ಲಿತ್ತು.

"ಮಾವನ ಹತ್ರ ಆ ಕಟ್ಟು ತಗೊಂಡು ಬಂದವನು ನೀನು."

"ಹೂಂ. ಕಾಗದ ಸುತ್ತಿದ್ರು, ಬಿಚ್ಚಿ ನೋಡ್ಲಿಲ್ಲ. ಭಾರ ಇತ್ತು, ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡು ನಡೆದೇ ಬಂದೆ."

"ಒದ್ದೆ ಇದೆ, ಒಣಗಿಸಿ ಹಾಕು ಅಂತ ಹೇಳೋಕೆ ಹೇಳಿದ್ರಲ್ಲ. ಅಣ್ಣಂಗೆ ಹೇಳಿದ್ಯಾ?"

ತಮ್ಮ ಹಲಗೆಯ ಮೇಲಿನ ಹಕ್ಕಿಯೊಂದನ್ನು ತಿರುಗಿಸಿಟ್ಟ. ಮತ್ತೆ ಮೊದಲಿನ ಹಾಗೇ ಇಟ್ಟ.

"ಇಲ್ಲ."

"ಯಾಕೆ?"

"ಮಾತು ಬಿಟ್ಟಿದ್ವಿ."

ಒಂದೊಂದೇ ಎಳೆಯಾಗಿ ಅವಳು ಅದನ್ನು ಹೊರಗೆಳೆದಳು. ಚಕ್ರದ ತೂಕದ ತುಂಡುಗಳಲ್ಲಿ ಕೆಲವು ಸೀಸದವು, ಕೆಲವು ಸತುವಿನವು. ನೋಡಲು ಅಣ್ಣತಮ್ಮಂದಿರ ಹಾಗೆಯೇ, ಗುಣ ಮಾತ್ರ ಎಣ್ಣೆ ಸೀಗೆಕಾಯಿ. ಸತು ಬೆರೆತರೆ ಕಡಾಯಿಯ ಮಾಲೆಲ್ಲ ಒಡೆದ ಹಾಲಿನ ಹಾಗೆ ಗರಣೆಗಟ್ಟುತ್ತದೆ, ಎರಕಕ್ಕೆ ಹರಿಯುವುದೇ ಇಲ್ಲ. ತಮ್ಮ ಒಂದು ದಿನ ಹೆಕ್ಕಿ ಬೇರೆ ಮಾಡದೆ ಒಂದು ಬುಟ್ಟಿ ಸುರಿದುಬಿಟ್ಟಿದ್ದ. ಅಣ್ಣ ಗಿರಾಕಿಗಳ ಎದುರಿಗೇ, ನಿನಗೂ ಈ ಸತುವಿಗೂ ವ್ಯತ್ಯಾಸವಿಲ್ಲ, ಸೇರಿದ್ದನ್ನೆಲ್ಲ ಕೆಡಿಸುತ್ತೀಯ ಅಂದಿದ್ದ. ಆವತ್ತಿನಿಂದ ಇಬ್ಬರ ಬಾಯಿಗೂ ಬೀಗ. ಒಂದೇ ಶೆಡ್ಡು, ಒಂದೇ ಮನೆ. ಮಾತೆಲ್ಲ ಅತ್ತಿಗೆಯ ಮೂಲಕ ಹೋಗಬೇಕು, ಬರಬೇಕು.

"ಕಟ್ಟನ್ನ ಹೊಸ್ತಿಲ ಮೇಲೆ ಇಟ್ಟೆ. ಅಣ್ಣ ಬೆನ್ನು ತಿರುಗಿಸಿ ಒಲೆ ಹಚ್ತಾ ಇದ್ದ. ಎರಡು ಮಾತು ಅಷ್ಟೆ, ಆಡಬಹುದಿತ್ತು. ಅವನೇ ಮೊದಲು ತಿರುಗಿ ನೋಡ್ಲಿ ಅಂತ ನಿಂತಿದ್ದೆ. ನೋಡ್ಲಿಲ್ಲ. ಮನೆಗೆ ಹೋಗಿ ಅತ್ತಿಗೆಗೆ ಹೇಳಿ, ಮೀನುಗಾರರಿಗೆ ಬಲೆ ಗುಂಡು ಕೊಟ್ಟುಬರೋಕೆ ದಡಕ್ಕೆ ಹೋದೆ. ಬರೋಷ್ಟರಲ್ಲಿ ಎಲ್ಲ ಆಗಿತ್ತು."

"ಅತ್ತಿಗೆಗೆ ಹೇಳಿದೆ ಅಂತ ನೀನು ಹೇಳ್ತೀಯ. ನೋಡಿದೋರು ಯಾರು?"

"ಯಾರೂ ಇಲ್ಲ."

"ಶೆಡ್ಡು ಈಗ ನಿನಗೇ ಬರುತ್ತೆ."

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಕಣ್ಣಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಬರುತ್ತೆ. ಈ ಕಡಾಯಿ ಮುಂದೆ ನಿಂತು ಬೆಂಕಿ ಹಚ್ಚು ಅಂತ ನೀವು ಒಂದು ಸಲ ಹೇಳಿ ನೋಡಿ. ನನ್ನ ಕೈಯಲ್ಲಾಗೋದಿಲ್ಲ."

"ಹಾಗಾದ್ರೆ ಅತ್ತಿಗೆ ಹೇಳಲಿಲ್ಲ ಅಂತೀಯಾ?"

"ನಾನು ಹಾಗನ್ನಲ್ಲ. ಅವರನ್ನ ಕೇಳಿಲ್ಲ. ದಿನಾ ಅವರು ಬಡಿಸ್ತಾರೆ, ನಾನು ಉಣ್ತೀನಿ. ಅಣ್ಣಂಗೆ ಹೇಳಿದ್ರಾ ಅಂತ ಕೇಳೋಕೆ ನಾಲಗೆ ಏಳಲ್ಲ. ಹೇಳಿಲ್ಲ ಅಂದುಬಿಟ್ರೆ ಅವರು ಹೇಗೆ ಬದುಕ್ತಾರೆ? ಹೇಳಿದ್ದೆ ಅಂದುಬಿಟ್ರೆ..."

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಈ ಮನೆಯಲ್ಲಿ ಆಡದ ಮಾತಿನಿಂದಲೇ ಎಲ್ಲ ಹೋದಂತಿದೆ ಎಂದುಕೊಂಡು ಇನ್ಸ್‌ಪೆಕ್ಟರಮ್ಮ ಬೀಗ ಹಾಕಿದಳು. ಬೆಟ್ಟ ಅಗೆದು ಇಲಿ ಹಿಡಿದರೂ ಚಿಂತೆಯಿಲ್ಲ, ಹಿಡಿದದ್ದು ನಿಜವಾದ ಇಲಿಯಾಗಿದ್ದರೆ ಸಾಕಿತ್ತು. ಒಬ್ಬ ಮುದುಕರ ಸ್ಪಂಜು, ಒಬ್ಬ ತಮ್ಮನ ಬಿಗುಮಾನ, ಒಬ್ಬ ಹೆಂಡತಿಯ ಮರೆವು. ಯಾರನ್ನು ಜೈಲಿಗೆ ಹಾಕುವುದು?

*

ಎರಕದಣ್ಣನ ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಕೂತು, ಗಂಡನ ದಪ್ಪ ಕೈಗವಸುಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಯಾರೂ ತೊಡದ ಕೈಗವಸನ್ನು ಒಣಗಿಸುವುದೇಕೆಂದು ಕೇಳುವಂತಿರಲಿಲ್ಲ. ಮಧ್ಯಾಹ್ನದ ಬಿಸಿಲು ಅವಳ ಒಂದು ಕೆನ್ನೆಯ ಮೇಲೆ ಬಿದ್ದಿತ್ತು.

ಇನ್ಸ್‌ಪೆಕ್ಟರಮ್ಮ ಸುತ್ತು ಬಳಸಲಿಲ್ಲ. "ಅಕ್ಕಾ, ಆವತ್ತು ಮೈದುನ ನಿಮಗೊಂದು ಮಾತು ಹೇಳಿ ಹೋದ್ನಂತೆ. ಮೊಳೆ ಕಟ್ಟು ಒದ್ದೆ ಇದೆ ಅಂತ."

"ಹೌದು, ಹೇಳಿದ."

ಅಷ್ಟು ಸಲೀಸಾಗಿ ಉತ್ತರ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಮುಂದಿನದನ್ನು ಕೇಳುವಾಗ ಅವಳಿಗೇ ತನ್ನ ದನಿ ಬೇಡವಾಯಿತು. "ನೀವು ಅವರಿಗೆ ಹೇಳಿದ್ರಾ?"

"ಹೇಳದೆ ಇರ್ತೀನಾ? ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದೆ. ನಾನೇ ಹೋದೆ ಶೆಡ್ಡಿಗೆ."

ಆಮೇಲೆ ಅವಳು ಹೇಳಿದ್ದನ್ನು ಇನ್ಸ್‌ಪೆಕ್ಟರಮ್ಮ ಉಸಿರು ಬಿಡದೆ ಕೇಳಿದಳು. ಎರಕದಣ್ಣ ಹೆಂಡತಿಯ ಮಾತಿಗೆ ನಕ್ಕನಂತೆ, ಈ ಕೆಲಸ ಇಂದು ನಿನ್ನೆ ಮಾಡುತ್ತಿದ್ದೇನೆಯೇ ಎಂದು. ಕಾಗದ ಬಿಚ್ಚಿ, ಕಟ್ಟನ್ನು ಕಡಾಯಿಯ ಅಂಚಿನ ತಗಡಿನ ಮೇಲೆ ಇಟ್ಟನಂತೆ. ಅದು ಬಹಳ ಹೊತ್ತು ಚುಂಯ್ ಚುಂಯ್ ಎಂದು ಹಬೆಯಾಡಿತು. ಸದ್ದು ನಿಂತ ಮೇಲೂ ಅವನು ಕಾದ. ಅವಳೂ ಅಲ್ಲೇ ಕೂತಳು. ಕೊನೆಗೆ ದಾರ ಕತ್ತರಿಸಿ, ಬಿಸಿ ಮೊಳೆಗಳನ್ನು ಸೌಟಿನಲ್ಲಿ ತುಂಬಿ ತುಂಬಿ ಸೀಸಕ್ಕೆ ಇಳಿಸಿದ. ಏನೂ ಆಗಲಿಲ್ಲ. ಬೆಣ್ಣೆಯ ಹಾಗೆ ಕರಗಿದವು. ಮೇಣ ಹಾಕಿದ, ಕಿಟ್ಟ ತೆಗೆದ, ಒಂದು ಚೂರು ಆರಿಸಿ ಕಲ್ಲಿಗೆ ಬೀಳಿಸಿ ಸದ್ದು ಕೇಳಿಸಿದ.

"ನೋಡು, ಹಾಡ್ತಾ ಇದೆ ಅಂದ್ರು. ಆಮೇಲೆ ನಾನು ಮನೆಗೆ ಬಂದೆ."

ಇನ್ಸ್‌ಪೆಕ್ಟರಮ್ಮ ಕಟ್ಟೆಯ ಮೇಲೆ ಕೂತಳು. ಶೆಡ್ಡಿನ ಕಲ್ಲಿಗೆ ಬಿದ್ದ ಚೂರು ಠಣ್ ಎಂದದ್ದು ಈಗ ಅವಳಿಗೆ ಸರಿಯಾಗಿ ಕೇಳಿಸಿತು. ಮೂಟೆಗಳ ಹೊಲಿಗೆ ಬಿಚ್ಚಿರಲಿಲ್ಲ. ಕಡಾಯಿಯ ಸೀಸಕ್ಕೆ ಹದ ಬರಬೇಕಾದರೆ ಮಾವ ಕಳಿಸಿದ ಕಟ್ಟು ಅದರಲ್ಲಿ ಪೂರ್ತಿ ಕರಗಿರಲೇಬೇಕು. ಕರಗಿದ್ದು ಮಾಡಿಗೆ ಹಾರಿ ಅಂಟಿಕೊಳ್ಳುವುದು ಹೇಗೆ?

"ಆ ಕಟ್ಟು ಎಷ್ಟು ದೊಡ್ಡದಿತ್ತು ಅಕ್ಕಾ?"

"ಎರಡೂ ಕೈಯಲ್ಲಿ ಎತ್ತಬೇಕು, ಅಷ್ಟು. ದೊಡ್ಡ ದೊಡ್ಡ ಅಕ್ಷರ. ತಿರುಗುಮುರುಗಾಗಿದ್ರೂ ನನಗೂ ಓದೋಕೆ ಬಂತು. ಪ್ರೆಸ್ಸಿನದೇ ಹೆಸರು. ಪಾಪ, ಮಾವ ತಮ್ಮ ಬೋರ್ಡನ್ನೇ ಕರಗೋಕೆ ಕಳಿಸಿದ್ದಾರೆ ನೋಡು ಅಂತ ಇವರು ಬೇಜಾರು ಮಾಡಿಕೊಂಡ್ರು."

ಪ್ರೆಸ್ಸಿನ ಹೆಸರು. ಸೈಕಲ್ ಅಂಗಡಿಯ ಬಿಲ್ಲಲ್ಲ.

ಹಾಗಾದರೆ ಕಟ್ಟುಗಳು ಎರಡು. ಹೆಂಡತಿ ಮನೆಗೆ ಹೋದ ಮೇಲೆ, ಪ್ರೆಸ್ಸಿನಿಂದ ಇನ್ನೊಂದು ಒದ್ದೆ ಕಟ್ಟು ಶೆಡ್ಡಿಗೆ ಬಂದಿತ್ತು. ಅದನ್ನು ತಂದವರು ಒದ್ದೆಯಿದೆ ಎಂದು ಹೇಳಿರಲಿಲ್ಲ. ಬೆಳಿಗ್ಗೆ ಆ ತುಂಡಿನ ಮೇಲೆ ಓಡಾಡಿ ನಿಂತುಬಿಟ್ಟ ಹೆಬ್ಬೆರಳಿಗೆ, ಇದು ತಾನು ಕಳಿಸಿದ್ದಲ್ಲ ಎಂದು ಆಗಲೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಮಾವ ಹೌದು, ನನ್ನದೇ ಅಂದಿದ್ದರು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

ಅವಳು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದಳು. "ಒಣಗಿಸದೆ ಹಾಕೋ ಮನುಷ್ಯ ಅಲ್ಲ ಅವರು ಅಂತ ಠಾಣೆಯಲ್ಲಿ ಎಷ್ಟು ಸಲ ಹೇಳಿದೆ. ನೀವೂ ಅಲ್ಲೇ ಇದ್ರಿ. ಗಂಡನ್ನ ಕಳಕೊಂಡೋಳ ಮಾತು ಅಂತ ನೀರು ಕೊಟ್ಟು, ಸಮಾಧಾನ ಹೇಳಿ ಕಳಿಸಿದ್ರಿ. ಏನಾಯ್ತು, ಕೂತು ಹೇಳಮ್ಮ ಅಂತ ಯಾರೂ ಕೇಳಲಿಲ್ಲ."

ನೀರಿನ ಲೋಟ ಕೊಟ್ಟವಳು ತಾನೇ ಎಂಬುದು ಇನ್ಸ್‌ಪೆಕ್ಟರಮ್ಮನಿಗೆ ನೆನಪಿತ್ತು. ಕೊಟ್ಟ ಮೇಲೆ ಗಡಿಯಾರ ನೋಡಿಕೊಂಡದ್ದೂ ನೆನಪಿತ್ತು. ಆವತ್ತು ಒಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಿದ್ದರೆ, ಈ ಬೆಳಿಗ್ಗೆ ಒಬ್ಬ ಮುದುಕರ ಎದುರು, ನಿಮ್ಮ ಕೈಯಿಂದಲೇ ಆಯಿತು ಎಂದು ಹೇಳಬೇಕಾಗಿರಲಿಲ್ಲ.

ಈಗಲೇ ಹೋಗಿ ಹೇಳಬೇಕು, ನಿಮ್ಮ ನೀರಿನಿಂದ ಅಲ್ಲ ಮಾವ ಎಂದು. ಹೇಳಿದೊಡನೆ, ಹಾಗಾದರೆ ಇದನ್ನು ಒಯ್ದದ್ದು ಯಾರು ಎಂದು ಕೇಳಬೇಕಾದ ಪ್ರಶ್ನೆಯೂ ಬೆನ್ನಿಗೇ ಇತ್ತು. ಅವಳು ಏಳುವಷ್ಟರಲ್ಲಿ ಫೋನು ಬಡಿದುಕೊಂಡಿತು.

ದಫೇದಾರರು. ಅವರ ದನಿಗೆ ಫೋನಿನ ಅಗತ್ಯವೇ ಇರಲಿಲ್ಲ, ಹಿತ್ತಲಿಗೆಲ್ಲ ಕೇಳಿಸಿತು.

"ಮೇಡಂ, ನಿಮ್ಮ ಮೊಳೆ ಮಾವ ಬಂದು ಕೂತಿದ್ದಾರೆ. ನಡಕೊಂಡೇ ಬಂದ್ರಂತೆ. ಬೇಕಂತಲೇ ಒದ್ದೆ ಕಟ್ಟು ಕೊಟ್ಟೆ, ನನ್ನನ್ನ ಒಳಗೆ ಹಾಕಿ ಅಂತಿದ್ದಾರೆ. ನೀವು ಬರೋವರೆಗೂ ಬಾಯಿ ಬಿಡಬೇಡಿ ಅಂದ್ರೂ ಕೇಳ್ತಿಲ್ಲ."

"ಯಾಕೆ ಕೊಟ್ಟೆ ಅಂತಾರೆ?"

"ಅದಕ್ಕೆ ಮಾತ್ರ ಉಸಿರಿಲ್ಲ. ಇನ್ನೊಂದೇ ಮಾತು, ಜಪ ಮಾಡಿದ ಹಾಗೆ. ನನ್ನ ಮಗಳನ್ನ ಏನೂ ಕೇಳಬೇಡಿ, ಅವಳು ಆವತ್ತು ಊರಲ್ಲೇ ಇರಲಿಲ್ಲ ಅಂತ. ನಾವ್ಯಾರೂ ಅವರ ಮಗಳ ಸುದ್ದಿ ಎತ್ತೇ ಇಲ್ವಲ್ಲ ಮೇಡಂ."

ಅವಳು ಬರುತ್ತೇನೆ ಎಂದಷ್ಟೇ ಹೇಳಿ ಫೋನು ಇಳಿಸಿದಳು. ಒಂದೇ ಛತ್ರಿಯಡಿ ನಡೆದ ದಾರಿಯೆಲ್ಲ ಕಣ್ಣ ಮುಂದೆ ಬಂತು. ಇದನ್ನು ಇನ್ನೊಬ್ಬ ಅಧಿಕಾರಿಗೆ ಒಪ್ಪಿಸಿಬಿಡಲೇ ಎಂಬ ಆಸೆ ಒಂದು ಗಳಿಗೆ ಬಂದು ಹೋಯಿತು.

ಎರಕದಣ್ಣನ ಹೆಂಡತಿ ಕೈಗವಸು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು. ಎಲ್ಲವೂ ಕೇಳಿಸಿತ್ತು.

"ಊರಲ್ಲಿರಲಿಲ್ವಾ?" ಎಂದಳು, ಏನೂ ಅರ್ಥವಾಗದವಳಂತೆ. "ಕಡಾಯಿ ಸಿಡೀತು ಬಾ ಅಂತ ನನ್ನ ಬಾಗಿಲು ಬಡಿದವಳು ಅವಳೇ ಅಲ್ವಾ."